ಮುಚ್ಚಿಕೊಂಡ ಹಾಗೆ ಮಾಡಿ ಮತ್ತೆ ತೆರೆದುಕೊಳ್ಳುವ ಡಿಕ್ಕಿ: ಒಂದು ಪ್ರಕರಣ ಅಧ್ಯಯನ

ಗಾಡಿ ಏಳು ಸೀಟಿನ ಡೀಸೆಲ್ ಎಸ್‌ಯುವಿ, ಆರು ವರ್ಷ ಹಳೆಯದು. ಮಲೆನಾಡಿನ ಒಂದು ಕಾಫಿ ತೋಟದಲ್ಲಿ ಇರುವಂಥದ್ದು. ವರ್ಷದ ಅರ್ಧ ಭಾಗ ಕೆಂಪು ಧೂಳು, ಇನ್ನರ್ಧ ಮಳೆ. ಡಿಕ್ಕಿಗೆ ಮೂಟೆ, ಪಂಪ್‌ಸೆಟ್ಟಿನ ಬಿಡಿಭಾಗ, ಸಂತೆ ಸಾಮಾನು ಹೋಗುತ್ತಿದ್ದುದರಿಂದ ದಿನಕ್ಕೆ ಹತ್ತಾರು ಸಲ ಅದನ್ನು ತೆರೆದು ಮುಚ್ಚುವುದು ಮಾಮೂಲು. ಮಾಲೀಕರು, ಗ್ಯಾರೇಜುಗಳು, ಗಾಡಿಯ ಕಂಪನಿ ಯಾವುದರ ಹೆಸರೂ ಇಲ್ಲಿಲ್ಲ.

ದೂರು ಇಷ್ಟು. ಬಟನ್ ಒತ್ತಿದರೆ ಹಿಂಬಾಗಿಲು ಸಲೀಸಾಗಿ ಇಳಿಯುತ್ತದೆ. ಬಾಗಿಲಿನ ಬೀಗವಾದ ಲಾಚ್ ಹೋಗಿ ಸ್ಟ್ರೈಕರನ್ನು, ಅಂದರೆ ಬಾಡಿಗೆ ಬೋಲ್ಟ್ ಮಾಡಿದ ಲೋಹದ ಕೊಕ್ಕೆಯನ್ನು, ಕಚ್ಚುತ್ತದೆ. ಒಳಗಿನ ಮೋಟರು ಗುಂಯ್ ಎಂದು ಎಳೆಯಲು ಶುರು ಮಾಡುತ್ತದೆ. ಎರಡು ಮೂರು ಸೆಕೆಂಡು ಕಳೆದ ಮೇಲೆ ಟಕ್ ಎಂದು ಹಿಡಿತ ಬಿಟ್ಟು, ಬೀಪ್ ಹೊಡೆದು, ಬಾಗಿಲು ಮತ್ತೆ ಮೇಲೇಳುತ್ತದೆ. ಡಿಸೆಂಬರಿನ ಚಳಿ ಬೆಳಗಿನಲ್ಲಿ ಈ ಕಾಟ ಜಾಸ್ತಿ. ಬಿಸಿಲಿಗೆ ನಿಂತ ಗಾಡಿಯಲ್ಲಿ ಮಧ್ಯಾಹ್ನ ಬಹುಪಾಲು ಸರಿಯಾಗಿಯೇ ಮುಚ್ಚುತ್ತಿತ್ತು.

ಇದಕ್ಕೆ ಸುಮಾರು ಎರಡು ತಿಂಗಳ ಹಿಂದೆ ಗಾಡಿ ರಿವರ್ಸ್‌ನಲ್ಲಿ ಗೇಟಿನ ಕಂಬಕ್ಕೆ ತಾಗಿತ್ತು. ದೊಡ್ಡ ಪೆಟ್ಟೇನಲ್ಲ. ಡೆಂಟಿಂಗ್ ಶೆಡ್ಡಿನಲ್ಲಿ ಬಂಪರ್ ಪೇಂಟ್ ಮಾಡಿ, ಬಾಗಿಲಿನ ಎಡ ಕೆಳಮೂಲೆ ತಟ್ಟಿ, ಹರಿದಿದ್ದ ರಬ್ಬರ್ ಬೀಡಿಂಗ್ ಬದಲಾಯಿಸಿದ್ದರು. ಆಮೇಲೆ ತೊಂದರೆ ಶುರುವಾಯಿತು. ಮೊದಲ ಗ್ಯಾರೇಜು ಬಾಗಿಲಿನ ಸ್ಥಾನವನ್ನು ಮತ್ತೆ ಕಲಿಸುವ ರೀಲರ್ನ್ ಮಾಡಿ ಕಳಿಸಿತು, ಉಪಯೋಗವಾಗಲಿಲ್ಲ. ಎರಡನೆಯವರು ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರು. ಲಾಚ್ ಪೂರ್ತಿ ಮುಚ್ಚಿದ ಸಂಕೇತ ಬಂದಿಲ್ಲ ಎಂಬ ಅರ್ಥದ ಕೋಡ್ ಸಿಕ್ಕಿತು. ಲಾಚನ್ನೇ ಬದಲಾಯಿಸಿದರು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಅದೇ ರಾಗ. ಅಷ್ಟರಲ್ಲಿ ಮನೆಯವರು ಬಾಗಿಲನ್ನು ಕೈಯಲ್ಲಿ ಒತ್ತಿ ಹಿಡಿದು ಮುಚ್ಚುವ ಅಭ್ಯಾಸ ಮಾಡಿಕೊಂಡಿದ್ದರು. ಒತ್ತಿ ಹಿಡಿದರೆ ಹೆಚ್ಚಾಗಿ ಕಚ್ಚುತ್ತಿತ್ತು. ಇದೂ ಒಂದು ಸುಳಿವೇ. ಆದರೆ ಅರ್ಧ ಸುಳಿವು, ಆ ಮಾತು ಮುಂದೆ ಬರುತ್ತದೆ.

ಬಾಗಿಲು ಮುಚ್ಚಿತೆಂದು ಗಾಡಿಗೆ ಗೊತ್ತಾಗುವುದು ಹೇಗೆ

ಪವರ್ ಡಿಕ್ಕಿಯಲ್ಲಿ, ಅಂದರೆ ಮೋಟರಿನಿಂದ ತಾನೇ ತೆರೆದು ಮುಚ್ಚುವ ಡಿಕ್ಕಿಯಲ್ಲಿ, ಎರಡು ಬೇರೆ ಬೇರೆ ಕೆಲಸಗಾರರಿದ್ದಾರೆ. ಬಾಗಿಲನ್ನು ಏರಿಸಿ ಇಳಿಸುವುದು ಪಕ್ಕದ ಸ್ಪಿಂಡಲ್‌ಗಳು. ಸ್ಪಿಂಡಲ್ ಅಂದರೆ ಒಂದು ಕೊಳವೆ, ಅದರೊಳಗೆ ಮೋಟರ್, ಸ್ಕ್ರೂ, ಭಾರ ಹೊರುವ ಸ್ಪ್ರಿಂಗ್ ಮೂರೂ ಇರುತ್ತವೆ. ಮೋಟರಿನ ಹಾಲ್ ಸೆನ್ಸರ್ ಸುತ್ತುಗಳನ್ನು ಎಣಿಸಿ ಬಾಗಿಲು ಎಲ್ಲಿದೆ ಎಂದು ಡಿಕ್ಕಿಯನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಮಾಡ್ಯೂಲಿಗೆ ಹೇಳುತ್ತದೆ. ಕೊನೆಯ ಕೆಲವು ಮಿಲಿಮೀಟರು ಮಾತ್ರ ಸ್ಪಿಂಡಲ್ಲಿನ ಕೆಲಸವಲ್ಲ. ಅದು ಲಾಚ್ ಒಳಗಿನ ಸಣ್ಣ ಎಳೆಯುವ ಮೋಟರಿನದು.

ಲಾಚಿನಲ್ಲಿ ಸ್ಟ್ರೈಕರನ್ನು ಅಪ್ಪಿಕೊಳ್ಳುವ ಕೊಂಡಿ ತಿರುಗುತ್ತದೆ, ಅದು ಹಿಂದೆ ಬರದಂತೆ ಒಂದು ನಾಲಿಗೆ ತಡೆಯುತ್ತದೆ. ಕೊಂಡಿಗೆ ಎರಡು ಹಂತ. ಮೊದಲ ಹಂತ ಕಚ್ಚಿದಾಗ ಒಂದು ಮೈಕ್ರೋಸ್ವಿಚ್ ಸಂಕೇತ ಕೊಡುತ್ತದೆ, ಆಗ ಎಳೆಯುವ ಮೋಟರ್ ಶುರುವಾಗುತ್ತದೆ. ಎರಡನೇ ಹಂತಕ್ಕೆ ತಲುಪಿದಾಗ ಇನ್ನೊಂದು ಸ್ವಿಚ್ ಸಂಕೇತ ಕೊಡುತ್ತದೆ, ಮೋಟರ್ ನಿಲ್ಲುತ್ತದೆ. ನಿಗದಿತ ಸಮಯದೊಳಗೆ ಎರಡನೇ ಸಂಕೇತ ಬಾರದಿದ್ದರೆ ಏನೋ ಸಿಕ್ಕಿಕೊಂಡಿದೆ, ಬೆರಳೂ ಇರಬಹುದು ಎಂದು ಮಾಡ್ಯೂಲ್ ತೀರ್ಮಾನಿಸಿ ಲಾಚ್ ಬಿಟ್ಟು ಬಾಗಿಲು ಎತ್ತುತ್ತದೆ.

ಹಾಗಾಗಿ ಈ ಗಾಡಿಯ ದೂರಿಗೆ ಎರಡೇ ಅರ್ಥ. ಕೊಂಡಿ ನಿಜವಾಗಿಯೂ ಎರಡನೇ ಹಂತಕ್ಕೆ ತಲುಪುತ್ತಿಲ್ಲ, ಇಲ್ಲವೇ ತಲುಪಿದೆ, ಆದರೆ ಸುದ್ದಿ ಮಾಡ್ಯೂಲಿಗೆ ಮುಟ್ಟುತ್ತಿಲ್ಲ. ಎರಡನೇ ಗ್ಯಾರೇಜು ಎಡವಿದ್ದು ಇಲ್ಲೇ. ಸಂಕೇತ ಬಂದಿಲ್ಲ ಎಂದು ಕೋಡ್ ಹೇಳಿತು, ಲಾಚ್ ಕೆಟ್ಟಿದೆ ಎಂದು ಅವರು ಓದಿಕೊಂಡರು.

ಮೊದಲ ಸುತ್ತಿನ ತಪಾಸಣೆ

ಗಾಡಿ ಮೂರನೇ ಕಡೆ ಬಂದಾಗ, ಏನನ್ನೂ ಬಿಚ್ಚುವ ಮೊದಲು ನೋಡಿದ್ದು ಬ್ಯಾಟರಿ. ಎಂಜಿನ್ ಆಫ್ ಆಗಿ ರಾತ್ರಿ ಕಳೆದ ಗಾಡಿಯಲ್ಲಿ 12.2 ವೋಲ್ಟ್ ಇತ್ತು. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ 12.6ರ ಆಸುಪಾಸು ಇರಬೇಕು. 12.2 ಅಂದರೆ ಸರಿಸುಮಾರು ಅರ್ಧ. ಇಷ್ಟಕ್ಕೇ ಡಿಕ್ಕಿ ಕೈಕೊಡಬೇಕೆಂದಿಲ್ಲ. ಆದರೆ ವೋಲ್ಟೇಜ್ ಕುಸಿದಷ್ಟೂ ಎಳೆಯುವ ಮೋಟರಿನ ಬಲ ಕುಸಿಯುತ್ತದೆ. ಚಾರ್ಜರ್ ಹಾಕಿಟ್ಟುಕೊಂಡೇ ಮುಂದಿನ ಪರೀಕ್ಷೆಗಳೆಲ್ಲ ನಡೆದವು. ಇಲ್ಲದಿದ್ದರೆ ಹತ್ತಿಪ್ಪತ್ತು ಸಲ ತೆರೆದು ಮುಚ್ಚುವಷ್ಟರಲ್ಲಿ ಬ್ಯಾಟರಿ ಇಳಿದು, ಇಲ್ಲದ ದೋಷವೊಂದು ಹುಟ್ಟಿಕೊಳ್ಳುತ್ತದೆ.

ಆಮೇಲೆ ಸ್ಕ್ರೂಡ್ರೈವರ್ ಪರೀಕ್ಷೆ. ಬಾಗಿಲು ಮೇಲಿರುವಾಗಲೇ ದಪ್ಪ ಸ್ಕ್ರೂಡ್ರೈವರಿನ ಕಡ್ಡಿಯನ್ನು ಸ್ಟ್ರೈಕರಿನ ಹಾಗೆ ಕೊಂಡಿಯೊಳಗೆ ತಳ್ಳಿ, ಮೊದಲ ಹಂತಕ್ಕೆ ಕಚ್ಚಿಸುವುದು. ಮೋಟರ್ ಎಳೆದು ಎರಡನೇ ಹಂತಕ್ಕೆ ಒಯ್ದು ನಿಂತರೆ, ಯಾವ ಹೊರೆಯೂ ಇಲ್ಲದಾಗ ಲಾಚ್ ಕೆಲಸ ಮಾಡುತ್ತದೆ ಎಂದಾಯಿತು. ಬೆರಳನ್ನು ಕೊಂಡಿಯ ಹತ್ತಿರ ತರಬಾರದು, ಎಳೆಯುವ ಮೋಟರಿಗೆ ಬೆರಳು ಲೆಕ್ಕವೇ ಅಲ್ಲ. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಸ್ವಿಚ್ ಒತ್ತಿ ಕೊಂಡಿ ಬಿಡಿಸುವುದನ್ನು ಮರೆಯಬಾರದು. ಮುಚ್ಚಿದ ಕೊಂಡಿಯೊಂದಿಗೆ ಬಾಗಿಲು ಇಳಿದರೆ ಸ್ಟ್ರೈಕರಿಗೆ ಗುದ್ದಿ ಹೊಸ ರಿಪೇರಿ ಹುಟ್ಟುತ್ತದೆ. ಬಾಗಿಲು ಮೇಲಿದೆ ಎಂದು ಗೊತ್ತಿದ್ದರೆ ಕೆಲವು ಗಾಡಿಗಳ ಮಾಡ್ಯೂಲ್ ಎಳೆಯಲು ಒಪ್ಪುವುದೇ ಇಲ್ಲ. ಈ ಗಾಡಿ ಒಪ್ಪುತ್ತಿತ್ತು, ಪ್ರತಿ ಸಲವೂ ಅಚ್ಚುಕಟ್ಟಾಗಿ ಎಳೆದು ನಿಂತಿತು.

ಲಾಚ್ ನಿರಪರಾಧಿ ಎಂದು ಬಹುತೇಕ ಗೊತ್ತಾಯಿತು. ಉಳಿದದ್ದು ಹೊರೆ. ಬಾಗಿಲು ನಿಜವಾಗಿ ಮುಚ್ಚುವಾಗ ಯಾವುದೋ ಅದನ್ನು ಹೊರಕ್ಕೆ ತಳ್ಳುತ್ತಿದೆ. ಮನೆಯವರು ಒತ್ತಿ ಹಿಡಿದರೆ ಕಚ್ಚುತ್ತಿದ್ದುದಕ್ಕೂ ಇದು ತಾಳೆಯಾಗುತ್ತಿತ್ತು.

ಬಾಗಿಲನ್ನು ಹೊರಕ್ಕೆ ತಳ್ಳುತ್ತಿದ್ದದ್ದು

ಬೀಡಿಂಗಿನ ಸುತ್ತ ಒಂದು ಅಡಿಗೊಂದರಂತೆ ಕಾಗದದ ಪಟ್ಟಿ ಇಟ್ಟು, ಬಾಗಿಲು ಮುಚ್ಚಿ ಎಳೆದು ನೋಡಲಾಯಿತು. ಬಲಗಡೆ ಪಟ್ಟಿಗಳು ಹಿತವಾದ ಬಿಗಿಯಲ್ಲಿ ಜಾರಿ ಬಂದವು. ಎಡ ಕೆಳಮೂಲೆಯಲ್ಲಿ ಕಾಗದ ಹರಿಯಿತೇ ಹೊರತು ಬರಲಿಲ್ಲ. ಸ್ಟ್ರೈಕರಿನ ಪಕ್ಕದಲ್ಲಿ ಬೀಡಿಂಗೇ ಉಬ್ಬಿಕೊಂಡಿತ್ತು. ಹೊಸ ಬೀಡಿಂಗನ್ನು ಮೇಲಿನಿಂದ ಒತ್ತುತ್ತ ಬಂದವರಿಗೆ ಕೊನೆಯಲ್ಲಿ ಎರಡು ಬೆರಳಗಲ ಉದ್ದ ಹೆಚ್ಚಾಗಿ, ಅದನ್ನು ಅಲ್ಲೇ ಮಡಿಸಿ ತುರುಕಿದ್ದರು.

ಇನ್ನೊಂದು ಅಡ್ಡಿ ಇದಕ್ಕಿಂತ ಸ್ವಾರಸ್ಯದ್ದು. ಬಾಗಿಲಿನ ಎರಡು ಬದಿಗೆ ತಿರುಪಿ ಹೊಂದಿಸುವ ರಬ್ಬರ್ ಸ್ಟಾಪರ್ ಇರುತ್ತವೆ. ಎಡ ಸ್ಟಾಪರ್ ಬಲದ್ದಕ್ಕಿಂತ ಮೂರು ಸುತ್ತು ಹೆಚ್ಚು ಹೊರಗಿತ್ತು. ತಟ್ಟಿದ ಮೂಲೆ ಪಕ್ಕದ ಪ್ಯಾನಲ್ಲಿಗಿಂತ ಕೊಂಚ ಒಳಗೆ ಕೂತಿದ್ದರಿಂದ, ಹೊರಗಿನಿಂದ ಸಮತಟ್ಟಾಗಿ ಕಾಣಲಿ ಎಂದು ಯಾರೋ ಸ್ಟಾಪರ್ ತಿರುಪಿ ಬಾಗಿಲನ್ನು ಹೊರಕ್ಕೆ ದೂಡಿದ್ದರು. ಪೇಂಟಿನವರ ಕಣ್ಣಿಗೆ ಕೆಲಸ ಚೆನ್ನಾಗಿತ್ತು, ಲಾಚಿನ ಪಾಲಿಗೆ ದಿನವೂ ಕುಸ್ತಿ. ಚಳಿಯಲ್ಲಿ ರಬ್ಬರ್ ಗಡುಸಾಗುವುದರಿಂದ ಬೆಳಗಿನ ದೂರು ಹೆಚ್ಚಿದ್ದುದಕ್ಕೂ ಇಲ್ಲಿ ಕಾರಣ ಸಿಕ್ಕಿತು.

ಸರಿಪಡಿಸಿದ ಕ್ರಮ ಹೀಗೆ. ಬೀಡಿಂಗ್ ಪೂರ್ತಿ ಕಿತ್ತು, ಮೊದಲು ನಾಲ್ಕು ಮೂಲೆ ಕೂರಿಸಿ, ಆಮೇಲೆ ನಡುವಿನ ಉದ್ದವನ್ನು ಸಮನಾಗಿ ಹಂಚಿ ಅಂಗೈಯಿಂದ ತಟ್ಟುತ್ತ ಬಂದರು. ಕತ್ತರಿಸುವ ಅಗತ್ಯ ಬೀಳಲಿಲ್ಲ. ಹೆಚ್ಚಾಗಿತ್ತು ಎಂದುಕೊಂಡ ಉದ್ದವೆಲ್ಲ ಮೂಲೆಗಳಲ್ಲಿ ಎಳೆದು ಕೂರಿಸಿದ್ದರಿಂದ ಉಳಿದದ್ದು. ಎರಡೂ ಸ್ಟಾಪರ್ ಪೂರ್ತಿ ಒಳಕ್ಕೆ ತಿರುಪಿದರು. ಸ್ಟ್ರೈಕರಿನ ಎರಡು ಬೋಲ್ಟ್ ಅಲುಗಾಡುವಷ್ಟು ಮಾತ್ರ ಸಡಿಲಿಸಿ, ಹಳೆಯ ಜಾಗ ಗೊತ್ತಾಗಲೆಂದು ಸುತ್ತ ಮಾರ್ಕರ್ ಗೆರೆ ಎಳೆದು, ಪವರ್ ಆಫ್ ಮಾಡಿ ಬಾಗಿಲನ್ನು ಕೈಯಿಂದ ನಿಧಾನ ಇಳಿಸಿದಾಗ ಕೊಂಡಿಯೇ ಸ್ಟ್ರೈಕರನ್ನು ತನ್ನ ನಡುಮಧ್ಯಕ್ಕೆ ತಂದುಕೊಂಡಿತು. ಗೆರೆಯಿಂದ ಒಂದು ಮಿಲಿಮೀಟರಿನಷ್ಟು ಎಡಕ್ಕೆ ಸರಿದಿತ್ತು. ಅಲ್ಲೇ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ, ಕೊನೆಗೆ ಸ್ಟಾಪರ್‌ಗಳನ್ನು ಮೆಲ್ಲಗೆ ಹೊರತಂದು, ನಡುವೆ ಇಟ್ಟ ಕಾಗದ ಎಳೆದರೆ ಬರುವಷ್ಟು ಹಗುರ ಬಿಗಿಗೆ ನಿಲ್ಲಿಸಿದರು. ಸ್ಟಾಪರ್ ಇರುವುದು ಬಾಗಿಲು ಹಳ್ಳ ದಿಣ್ಣೆಯಲ್ಲಿ ಕಟಕಟ ಎನ್ನದಿರಲಿ ಎಂದು. ಪ್ಯಾನಲ್ ಸಮ ಮಾಡಬೇಕಾದರೆ ಹಿಂಜ್ ಬಳಿಯಲ್ಲೋ ಪ್ಯಾನಲ್ಲಿನಲ್ಲೋ ಮಾಡಬೇಕು. ಎಡಮೂಲೆ ಈಗ ಸ್ವಲ್ಪ ಒಳಗೇ ಕಾಣುತ್ತದೆ. ಮಾಲೀಕರಿಗೆ ಹೇಳಿಯೇ ಹಾಗೆ ಬಿಡಲಾಯಿತು.

ಮರುದಿನ ಬೆಳಗಿನ ಚಳಿಯಲ್ಲಿ ಬಾಗಿಲು ಚೆನ್ನಾಗಿ ಮುಚ್ಚಿತು, ಅದರ ಮರುದಿನವೂ ಮುಚ್ಚಿತು. ಮೂರನೇ ದಿನ ಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ, ಎರಡು ಸಲ ಹಳೆಯ ಆಟ ಆಡಿತು.

ಕಡಿಮೆಯಾದದ್ದು, ಹೋಗದೆ ಉಳಿದದ್ದು

ಇಲ್ಲಿ ಸ್ಟ್ರೈಕರನ್ನು ಇನ್ನೊಂದಿಷ್ಟು ಆಚೀಚೆ ಮಾಡುವ ಆಸೆ ಬರುವುದು ಸಹಜ. ಈ ಪ್ರಕರಣದಲ್ಲಿ ಅದನ್ನು ತಡೆದದ್ದು ಒಂದು ಸರಳ ವಿಚಾರ: ಹೊರೆಯೇ ಕಾರಣವಾಗಿದ್ದರೆ ಉಳಿದ ದೋಷ ಬೆಳಗ್ಗೆ ಬರಬೇಕು, ಬಿಸಿಲಿನಲ್ಲಲ್ಲ. ಸಮಯ ಬದಲಾಯಿತೆಂದರೆ ಉಳಿದಿರುವುದು ಬೇರೆಯದೇ ದೋಷ, ಮೊದಲನೆಯದರ ಬಾಲವಲ್ಲ.

ಮಾಲೀಕರನ್ನು ಮತ್ತೆ ಮಾತಾಡಿಸಿದಾಗ, ಡಿಕ್ಕಿಗೆ ಸಂಬಂಧವಿಲ್ಲದ್ದು ಎಂದು ಅವರು ಹೇಳದೆ ಬಿಟ್ಟಿದ್ದ ಒಂದು ಮಾತು ಹೊರಬಂತು. ರಿವರ್ಸ್ ಕ್ಯಾಮೆರಾ ಆಗಾಗ ಕಪ್ಪಾಗಿ ಮತ್ತೆ ಬರುತ್ತಿತ್ತಂತೆ, ಕೆಲವು ತಿಂಗಳಿಂದ. ಅಂದರೆ ಕಂಬಕ್ಕೆ ತಾಗುವ ಮುಂಚಿನಿಂದಲೇ! ಈ ಗಾಡಿಯಲ್ಲಿ ಕ್ಯಾಮೆರಾ, ನಂಬರ್ ಪ್ಲೇಟ್ ದೀಪ, ಹಿಂದಿನ ವೈಪರ್, ಹ್ಯಾಂಡಲ್ ಸ್ವಿಚ್, ಲಾಚ್ ಇವೆಲ್ಲದರ ವೈರ್ ಬಾಗಿಲಿಗೆ ಬರುವುದು ಹಿಂಜ್ ಪಕ್ಕದ ಒಂದೇ ರಬ್ಬರ್ ಕೊಳವೆಯ ಮೂಲಕ. ಬಾಗಿಲು ಏರಿಳಿದಾಗಲೆಲ್ಲ ಆ ವೈರುಗಳು ಅದೇ ಜಾಗದಲ್ಲಿ ಮಡಚಿ ಬಿಚ್ಚುತ್ತವೆ. ದಿನಕ್ಕೆ ಹತ್ತು ಸಲ ಎಂದರೂ ಆರು ವರ್ಷಕ್ಕೆ ಇಪ್ಪತ್ತು ಸಾವಿರ ದಾಟುತ್ತದೆ.

ಹಾಗಾದರೆ ಸ್ಕ್ರೂಡ್ರೈವರ್ ಪರೀಕ್ಷೆ ಪ್ರತಿ ಸಲ ಪಾಸಾದದ್ದು ಯಾಕೆ? ಅದನ್ನು ಮಾಡಿದ್ದು ಬಾಗಿಲು ಪೂರ್ತಿ ಮೇಲಿದ್ದಾಗ. ಆ ಭಂಗಿಯಲ್ಲಿ ಮುರಿದ ವೈರಿನ ಎರಡು ತುದಿ ಒಂದಕ್ಕೊಂದು ತಾಗಿಕೊಂಡಿದ್ದವು. ಮುಚ್ಚುವ ಭಂಗಿಯಲ್ಲಿ ಕೊಳವೆ ಬೇರೆ ರೀತಿ ಬಾಗುತ್ತದೆ, ತುದಿಗಳು ಬಿಡಿಸಿಕೊಳ್ಳುತ್ತವೆ. ಪರೀಕ್ಷೆ ಲಾಚಿಗೆ ಕೊಟ್ಟ ಪ್ರಮಾಣಪತ್ರ ಸರಿಯೇ ಇತ್ತು, ಅದನ್ನು ವೈರಿಗೂ ಅನ್ವಯಿಸಿಕೊಂಡದ್ದು ಸರಿಯಿರಲಿಲ್ಲ. ಎರಡನೇ ಗ್ಯಾರೇಜಿನ ಲಾಚ್ ಒಂದು ವಾರ ಓಡಿದ ಗುಟ್ಟೂ ಹೆಚ್ಚಾಗಿ ಇದೇ: ಲಾಚ್ ಬಿಚ್ಚಿ ಹಾಕುವಾಗ ವೈರ್ ಎಳೆದಾಡಿ ತುದಿಗಳು ಬೇರೆ ರೀತಿ ಕೂತಿದ್ದವು. ಕೈಯಿಂದ ಒತ್ತಿದಾಗ ಬಾಗಿಲು ಕಚ್ಚುತ್ತಿದ್ದುದು ಹೊರೆಯ ದೋಷಕ್ಕಷ್ಟೇ ಸಾಕ್ಷಿ. ಅರ್ಧ ಸುಳಿವು ಎಂದದ್ದು ಇದಕ್ಕೇ.

ಪರೀಕ್ಷೆಯನ್ನು ಈಗ ಬಾಗಿಲು ಅರ್ಧಕ್ಕಿಂತ ಕೆಳಗಿರುವಾಗ ಮತ್ತೆ ಮಾಡಲಾಯಿತು. ಇಳಿಯುವಾಗ ಬಟನ್ ಒತ್ತಿ ನಡುವೆ ನಿಲ್ಲಿಸಿ, ಒಬ್ಬರು ಬಾಗಿಲಿಗೆ ಆಧಾರ ಕೊಟ್ಟು, ಇನ್ನೊಬ್ಬರು ಕೊಂಡಿ ಕಚ್ಚಿಸಿದರು. ಬಾಡಿ ಮಾಡ್ಯೂಲ್ ಓದಬಲ್ಲ ಸ್ಕ್ಯಾನರಿನಲ್ಲಿ ಎರಡೂ ಸ್ವಿಚ್‌ಗಳ ಸ್ಥಿತಿ ತೆರೆದಿಟ್ಟಿತ್ತು. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಡಾಂಗಲ್ ಇದಕ್ಕೆ ಬರುವುದಿಲ್ಲ. ಕೊಂಡಿ ಎರಡನೇ ಹಂತಕ್ಕೆ ಹೋದದ್ದು ಕಣ್ಣಿಗೆ ಕಾಣುತ್ತಿದ್ದರೂ ಪರದೆಯ ಮೇಲೆ ಸ್ಥಿತಿ ಬದಲಾಗಲಿಲ್ಲ. ಕೊಳವೆಯನ್ನು ಬೆರಳಿನಿಂದ ಹಿಸುಕಿದರೆ ಬದಲಾಯಿತು, ಬಿಟ್ಟರೆ ಹೋಯಿತು.

ಕೊಳವೆ ಹಿಂದಕ್ಕೆ ಸರಿಸಿ ನೋಡಿದಾಗ ಏಳು ವೈರುಗಳ ಹೊದಿಕೆ ಒಂದೇ ಸಾಲಿನಲ್ಲಿ ಬಿರುಕು ಬಿಟ್ಟಿತ್ತು. ಎರಡನೇ ಹಂತದ ಸ್ವಿಚ್ಚಿನ ವೈರ್ ಪೂರ್ತಿ ತುಂಡಾಗಿ ಹೊದಿಕೆಯ ಒಳಗೇ ನಿಂತಿತ್ತು, ತುದಿಯ ತಾಮ್ರ ಹಸಿರುಗಟ್ಟಿತ್ತು. ಕ್ಯಾಮೆರಾ ವೈರಿನಲ್ಲಿ ಒಂದೆರಡು ಎಳೆ ಉಳಿದಿದ್ದವು. ಎಳೆ ಮಾತ್ರ ಉಳಿದ ಇಂಥ ವೈರನ್ನು ಮಲ್ಟಿಮೀಟರಿನ ಬೀಪ್ ಪರೀಕ್ಷೆ ಹಿಡಿಯುವುದಿಲ್ಲ. ಒಂದೇ ಎಳೆ ಇದ್ದರೂ ಬೀಪ್ ಬರುತ್ತದೆ. ಮೋಟರ್, ದೀಪ, ಅರ್ತ್ ವೈರುಗಳನ್ನು 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹೊರೆಯಾಗಿ ಕೊಟ್ಟು, ಬಾಗಿಲನ್ನು ಅಲುಗಾಡಿಸುತ್ತ ನೋಡಬೇಕು. ಒಳ್ಳೆಯ ವೈರಾದರೆ ಬಲ್ಬ್ ಮಂಕಾಗುವುದಿಲ್ಲ. ಸ್ವಿಚ್ ವೈರುಗಳಿಗೆ ಆ ಬಲ್ಬ್ ಹಾಕಕೂಡದು. ಮೈಕ್ರೋಸ್ವಿಚ್ಚಿನ ಒಳಗಿನ ಸಂಪರ್ಕಗಳಿಗೂ ಮಾಡ್ಯೂಲಿಗೂ ಅಷ್ಟು ಕರೆಂಟ್ ತಾಳುವ ಶಕ್ತಿ ಇರುವುದಿಲ್ಲ. ಅವಕ್ಕೆ ಕನೆಕ್ಟರ್ ಬಿಚ್ಚಿ, ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ತರುತ್ತ ಓಮ್ಸ್ ಅಳೆಯುವುದೇ ದಾರಿ.

ವೈರ್ ಜೋಡಿಸಿದ ರೀತಿ

ಮುರಿದ ಕಡೆಯೇ ಹೆಣೆದು ಟೇಪ್ ಸುತ್ತಿದರೆ ಆರು ತಿಂಗಳಿಗೆ ಅದೇ ಗಾಡಿ ಮತ್ತೆ ಗ್ಯಾರೇಜಿಗೆ ಬರುತ್ತದೆ. ಮಡಚುವ ಜಾಗದಲ್ಲಿ ಬೆಸುಗೆಯೂ ಸಲ್ಲ. ಬೆಸುಗೆ ಹೀರಿದ ಎಳೆ ಕಡ್ಡಿಯಂತಾಗಿ, ಅದರ ಅಂಚಿನಲ್ಲೇ ಮುರಿಯುತ್ತದೆ. ಆದ್ದರಿಂದ ಬಿರುಕು ಬಿಟ್ಟ ಏಳೂ ವೈರುಗಳಲ್ಲಿ ಕೊಳವೆಯ ಉದ್ದಕ್ಕಿಂತ ಎರಡೂ ಕಡೆ ಒಂದು ಗೇಣು ಹೆಚ್ಚಿರುವ ಹೊಸ ತುಂಡು ಹಾಕಿ, ಒಂದು ಜೋಡಣೆ ಬಾಗಿಲಿನ ಒಳಗೆ, ಇನ್ನೊಂದು ಛಾವಣಿಯ ಲೈನಿಂಗ್ ಒಳಗೆ ಬರುವಂತೆ ಮಾಡಲಾಯಿತು. ಕೊಳವೆಯ ಒಳಗೆ ಒಂದೂ ಜೋಡಣೆ ಇಲ್ಲ. ಬಳಸಿದ್ದು ಸಿಲಿಕಾನ್ ಹೊದಿಕೆಯ ಸಣ್ಣ ಎಳೆಗಳ ವೈರ್, ಮೂಲ ದಪ್ಪದ್ದೇ. ಪ್ರತಿ ಜೋಡಣೆಗೆ ಒತ್ತಿ ಬಿಗಿಯುವ ಲೋಹದ ಕ್ರಿಂಪ್, ಅದರ ಮೇಲೆ ಒಳಬದಿಗೆ ಅಂಟು ಇರುವ, ಬಿಸಿಗೆ ಕುಗ್ಗಿ ಅಪ್ಪಿಕೊಳ್ಳುವ ಹೀಟ್ ಶ್ರಿಂಕ್ ಹೊದಿಕೆ. ಏಳೂ ಜೋಡಣೆ ಒಂದೇ ಕಡೆ ಗಂಟಾಗದಂತೆ ಒಂದರಿಂದ ಒಂದಕ್ಕೆ ಎರಡು ಬೆರಳು ಸರಿಸಿ ಇಟ್ಟರು. ಕ್ಯಾಮೆರಾದ ವಿಡಿಯೋ ಕೇಬಲ್ ಹೊದಿಕೆ ಸರಿಯಿತ್ತು, ಅದನ್ನು ಮುಟ್ಟಲಿಲ್ಲ. ಮುರಿದದ್ದು ಅದರ ವಿದ್ಯುತ್ ವೈರ್ ಮಾತ್ರ. ಕೊಳವೆಯ ಎರಡೂ ತುದಿ ಲೋಹದ ಅಂಚಿನಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡುವುದು ಮುಖ್ಯ. ಕೂರದಿದ್ದರೆ ಮಳೆಗಾಲದಲ್ಲಿ ನೀರು ಛಾವಣಿಯ ಲೈನಿಂಗಿಗೆ ಇಳಿಯುತ್ತದೆ.

ಲಾಚಿಗೆ ಹಿಂದೆ ಯಾರೋ ಹಳೆ ಎಂಜಿನ್ ಆಯಿಲ್ ಬಿಟ್ಟಿದ್ದರು. ಅದಕ್ಕೆ ಕೆಂಪು ಧೂಳು ಕೂಡಿ ರುಬ್ಬುವ ಹಿಟ್ಟಿನಂತಾಗಿತ್ತು. ಒರೆಸಿ, ಕೊಂಡಿಗೂ ನಾಲಿಗೆಗೂ ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಹಚ್ಚಿ, ಸ್ವಿಚ್ ಇರುವ ಬದಿಗೆ ಏನನ್ನೂ ಸಿಂಪಡಿಸದೆ ಬಿಟ್ಟರು. ಮಾಲೀಕರು ಚೀಲದಲ್ಲಿ ಇಟ್ಟುಕೊಂಡಿದ್ದ ಹಳೆಯ ಲಾಚನ್ನು ಮೇಜಿನ ಮೇಲೆ 12 ವೋಲ್ಟ್ ಕೊಟ್ಟು ನೋಡಿದಾಗ ಮೋಟರು, ಎರಡು ಸ್ವಿಚ್ಚು ಎಲ್ಲ ಸರಿಯಿದ್ದವು.

ಕೊನೆಗೆ ರೀಲರ್ನ್. ಈ ಗಾಡಿಯಲ್ಲಿ ಬಾಗಿಲನ್ನು ಕೈಯಿಂದ ಪೂರ್ತಿ ಮುಚ್ಚಿ, ಆಮೇಲೆ ಒಂದು ಸಲ ತಡೆಯಿಲ್ಲದೆ ಪವರ್‌ನಲ್ಲಿ ತೆರೆದು ಮುಚ್ಚಬೇಕು. ಬೇರೆ ಗಾಡಿಗಳ ಕ್ರಮ ಬೇರೆ. ಇದನ್ನು ಕೊನೆಗೇ ಇಟ್ಟದ್ದಕ್ಕೆ ಕಾರಣವಿದೆ: ಹೊರೆ ಇರುವಾಗ ಕಲಿಸಿದರೆ ಮಾಡ್ಯೂಲ್ ಆ ತಪ್ಪು ಸ್ಥಾನವನ್ನೇ ಮುಚ್ಚಿದ ಸ್ಥಾನ ಎಂದು ಕಲಿತುಕೊಳ್ಳುತ್ತದೆ. ಮೊದಲ ಗ್ಯಾರೇಜಿನಲ್ಲಿ ಆದದ್ದು ಹಾಗೆ.

ಪರಿಶೀಲನೆಗೆ ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು ಎರಡೂ ಹೊತ್ತು, ಇಳಿಜಾರಿನಲ್ಲಿ ಮೂತಿ ಮೇಲಾಗಿ ಒಮ್ಮೆ, ಕೆಳಗಾಗಿ ಒಮ್ಮೆ, ಒಂದು ಹಿಂದಿನ ಚಕ್ರವನ್ನು ದಿಣ್ಣೆ ಹತ್ತಿಸಿ ಬಾಡಿಗೆ ತಿರುಚು ಬರುವಂತೆ ಮಾಡಿ ಬಾಗಿಲನ್ನು ಮುಚ್ಚಲಾಯಿತು. ಸತತವಾಗಿ ಓಡಿಸಿದಾಗ ಒಮ್ಮೆ ಬಾಗಿಲು ಬಟನ್ನಿಗೆ ಜಗ್ಗದೆ ನಿಂತಿತು. ಅದು ಮೋಟರ್ ಬಿಸಿಯಾಗದಂತೆ ಮಾಡ್ಯೂಲ್ ತಾನೇ ತೆಗೆದುಕೊಳ್ಳುವ ವಿರಾಮ. ಸ್ವಲ್ಪ ಹೊತ್ತು ಬಿಟ್ಟ ಮೇಲೆ ಸರಿಹೋಯಿತು. ಮುಂದಿನ ಮಳೆಗಾಲ ಮುಗಿದ ಮೇಲೆ ಸರ್ವಿಸಿಗೆ ಬಂದಾಗ ಕೊಳವೆ ತೆರೆದು ನೋಡಿದರೆ ಒಣಗಿಯೇ ಇತ್ತು. ಡಿಕ್ಕಿಯ ಬಗ್ಗೆಯಾಗಲಿ ಕ್ಯಾಮೆರಾ ಬಗ್ಗೆಯಾಗಲಿ ಹೊಸ ದೂರಿರಲಿಲ್ಲ.

ಇದೇ ಲಕ್ಷಣ ಕಂಡ ಗಾಡಿಗಳಿಗೆಲ್ಲ ಈ ದಾರಿ ಹೊಂದುವುದಿಲ್ಲ. ಬಾಗಿಲು ಸ್ಟ್ರೈಕರ್ ಮುಟ್ಟುವ ಮೊದಲೇ ಹಿಂದಿರುಗಿದರೆ ಅಂಚಿನ ಒತ್ತು ಸೆನ್ಸರ್ ಪಟ್ಟಿಯನ್ನೋ ಸ್ಪಿಂಡಲನ್ನೋ ಮೊದಲು ನೋಡಬೇಕು. ಎಳೆಯುವ ಮೋಟರಿನ ಸದ್ದೇ ಬಾರದಿದ್ದರೆ ಮೊದಲ ಹಂತದ ಸ್ವಿಚ್ ಮತ್ತು ಫ್ಯೂಸ್. ಬಾಗಿಲು ಮೇಲೆ ನಿಲ್ಲದೆ ತಾನಾಗಿ ಜಾರುತ್ತಿದ್ದರೆ ಲಾಚಿನ ವಿಚಾರ ಬದಿಗಿಟ್ಟು, ಮರದ ಗೂಟ ಕೊಟ್ಟು ನಿಲ್ಲಿಸಿ, ಸ್ಪಿಂಡಲ್ ಬದಲಾಗುವವರೆಗೆ ಅದರ ಕೆಳಗೆ ಯಾರೂ ತಲೆ ಹಾಕಬಾರದು.